ಲಯಲ್ ಟ್ರೆನ್ವಿತ್: ಜೇಬಿಗೊಂದು ಕಾವಲು

ಕ್ವೀನ್ಸ್‌ಲ್ಯಾಂಡ್‌ನ ಪಶ್ಚಿಮದಲ್ಲಿ, ಸಣ್ಣ ವಿಮಾನಗಳ ಎಂಜಿನ್‌ಗಳ ಕಾಯಿಲೆಯನ್ನು ಕಿವಿಯಿಂದಲೇ ಗುರುತಿಸಬಲ್ಲವರೆಂದು ಹೆಸರಾದ ಶ್ರೀ ಲಯಲ್ ಟ್ರೆನ್ವಿತ್ ಅವರು ನಲವತ್ತೊಂದು ವರ್ಷಗಳ ಸೇವೆಯ ತರುವಾಯ ನಿವೃತ್ತರಾಗುತ್ತಿದ್ದಾರೆ. ಅವರ ಕಾರ್ಯಾಗಾರದ ಪಕ್ಕದ ರೇಡಿಯೊ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ನನಗೆ ಅವರ ಈ ಅಭಿನಂದನ ಗ್ರಂಥದಲ್ಲಿ ಬರೆಯುವ ಅರ್ಹತೆ ಇದೆಯೋ ಇಲ್ಲವೋ, ಋಣವಂತೂ ಇದೆ.

ನಾನು ಸೇರಿದಾಗ ನನ್ನ ಪತಿ ಡರ್ಮಟ್ ಅಲ್ಲಿ ಟಪಾಲು ವಿಮಾನದ ಪೈಲಟ್ ಆಗಿದ್ದರು. ಚಳಿಗಾಲದಲ್ಲಿ ವಿಮಾನದೊಳಗೆ ಬಿಸಿಗಾಳಿ ಬೇಕು. ಅದು ಬಿಸಿಯಾಗುವುದು ಎಂಜಿನ್ನಿನ ಹೊಗೆಕೊಳವೆಯ ಕಾವಿನಿಂದ. ಹೊಗೆಕೊಳವೆ ಕೂದಲೆಳೆಯಷ್ಟು ಸೀಳಿದರೂ ಆ ಗಾಳಿಯೊಡನೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾರೂ ತಲೆ ಕೆಡಿಸಿಕೊಳ್ಳದಿದ್ದ ಆ ಕಾಲದಲ್ಲೇ, ನಾನು ಸೇರಿದ ಏಳನೆಯ ವರ್ಷ, ಲಯಲ್ ಅವರು ಅಂಗೈಯಲ್ಲಿ ಅಡಗುವಂಥ ಒಂದು ಪತ್ತೆಯಂತ್ರವನ್ನು ತಾವೇ ತಂದು ಡರ್ಮಟ್ ಕೈಗಿತ್ತರು.

"ಇದು ಅರಚಿದ್ರೆ ಬಿಸಿಗಾಳಿ ಮುಚ್ಚು, ಕಿಟಕಿ ತೆಗಿ, ಇಳಿ. ಆಮೇಲೆ ಬೇಕಾದ್ರೆ ನನ್ನ ಬೈಕೋ."

"ಮನೇಲೊಬ್ಳು ಸಾಲ್ದು ಅಂತ ಜೇಬಿಗೂ ಒಬ್ಳನ್ನ ಗಂಟುಹಾಕ್ತೀಯೇನಯ್ಯಾ?" ಎಂದು ಡರ್ಮಟ್ ನಕ್ಕರು.

ಅದೇ ವರ್ಷ ಜುಲೈನಲ್ಲಿ, ನಮ್ಮ ಕಡೆ ಚಳಿಗಾಲ ಬಲಿತಿದ್ದಾಗ, ವಿಮಾನ ದನಗಳ ಬಯಲಿಗೆ ಬಿದ್ದು ಉರಿದುಹೋಯಿತು. ಡರ್ಮಟ್ ಉಳಿಯಲಿಲ್ಲ. ಹೊಗೆಕೊಳವೆ ಬಿರುಕು ಬಿಟ್ಟದ್ದು ಕೊನೆಯ ತಪಾಸಣೆಯ ನಂತರವೆಂದು ತನಿಖೆ ಹೇಳಿತು. ಲಯಲ್ ಅವರನ್ನು ಯಾರೂ ದೂರಲಿಲ್ಲ. ಆದರೆ ಅಂತ್ಯಸಂಸ್ಕಾರದ ದಿನ ಅವರು ಟೋಪಿ ಹಿಸುಕುತ್ತ ನನ್ನ ಮುಂದೆ ನಿಂತರು.

"ನಾ ಕೊಟ್ಟಿದ್ದು ಕೂಗ್ಲೇ ಇಲ್ವೇನೋ, ಹೆಸ್ಟರ್. ಕೆಟ್ಟಿದ್ದನ್ನ ತಂದ್ಕೊಟ್ಬಿಟ್ನೇನೋ."

ನಾನು ಸುಮ್ಮನಿದ್ದೆ.

ಅಂದಿನಿಂದ ಹತ್ತೊಂಬತ್ತು ವರ್ಷ, ಹೊರಡುವ ಪ್ರತಿ ಪೈಲಟ್‌ನ ಪತ್ತೆಯಂತ್ರವನ್ನೂ ಕಿವಿಗೆ ಹಿಡಿದು ಕೂಗಿಸಿ, ತಮ್ಮ ಕೈಯಿಂದಲೇ ಅವರ ಜೇಬಿಗೆ ಸಿಕ್ಕಿಸುವುದು ಲಯಲ್ ಅವರ ನೇಮವಾಯಿತು. "ಅಜ್ಜಾ, ಹಂಗೇ ಮೂಗೂ ಒರ್ಸಿ ಕಳ್ಸು" ಎಂದು ಹುಡುಗರು ಗೇಲಿ ಮಾಡಿದರೂ ಬಿಡಲಿಲ್ಲ. ಒಮ್ಮೆ ಆ ಕೂಗಿನಿಂದಲೇ ಐದು ಜೀವ ಉಳಿದಾಗ ಎಲ್ಲರೂ ಕೈಕುಲುಕಿದರು. ಅವರು ಮಾತ್ರ "ಇದು ಕೂಗ್ತು" ಎಂದಷ್ಟೇ ಹೇಳಿ ಗೋಡೆಗೆ ಮುಖಮಾಡಿ ನಿಂತರು. ನನ್ನ ಮಗಳು ಟೆಸ್ಸಾ ಒಲೆ, ಹಾಸಿಗೆಯಿರುವ ಕ್ಯಾರವಾನ್ ಗಾಡಿಯಲ್ಲಿ ದೇಶ ಸುತ್ತಲು ಹೊರಟಾಗಲೂ, ತಂದೆಯಿಲ್ಲದ ಆ ಹುಡುಗಿಯ ಬೀಗದಕೈ ಗೊಂಚಲಿಗೆ ಒಂದು ಪತ್ತೆಯಂತ್ರ ಕಟ್ಟಿಕೊಟ್ಟವರು ಇವರೇ.

ಇನ್ನು ನನ್ನ ಮಾತು. ಸಾಯುವ ಹಿಂದಿನ ಸಂಜೆ ಡರ್ಮಟ್ ತಲೆನೋವೆಂದು ಮನೆಗೆ ಬಂದರು. "ಈ ಗಯ್ಯಾಳಿ ದಾರಿಯುದ್ದಕ್ಕೂ ಅರಚ್ತು ಕಣೇ. ಲಯಲ್‌ಗೆ ಗೊತ್ತಾದ್ರೆ ಎಂಜಿನ್ ಬಿಚ್ಚಿ ಕೂತ್ಕೋತಾನೆ, ಟಪಾಲು ತಡ ಆಗುತ್ತೆ. ನಾಳೆ ಒಂದಿನ ಹೋಗ್ಬಂದು ಹೇಳ್ತೀನಿ," ಎಂದು ಜೇಬಿನಿಂದ ಪತ್ತೆಯಂತ್ರ ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ನಾನು ನಕ್ಕು ತಲೆನೋವಿನ ಮಾತ್ರೆ ಕೊಟ್ಟೆ. ಮರುದಿನ ಅವರು ಹಾರಿದಾಗ ಅದು ಡಬ್ಬಿಯಲ್ಲೇ ಇತ್ತು.

ಸತ್ತವರ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ. ಬದುಕಿದ್ದವರ ಮೇಲೆ ಹೊರಿಸಲು ಸುಮ್ಮನಿದ್ದರೇ ಸಾಕಾಯಿತು. ಉಪ್ಪು ತಿಂದವರು ನಾವು, ನೀರು ಕುಡಿದವರು ನೀವು. ನನಗೆ ನಾಚಿಕೆಯಾಗುತ್ತದೆ.

ಲಯಲ್ ಅವರೇ, ನೀವು ನೂರು ಕಾಲ ಬಾಳಿ, ಇನ್ನೂ ನೂರಾರು ಜೇಬುಗಳಿಗೆ ಆ ಕಾವಲನ್ನು ಸಿಕ್ಕಿಸಬೇಕು. ಆದರೆ ಇನ್ನು ಮೇಲೆ ಅನುಮಾನದಿಂದ ಕಿವಿಗೆ ಹಿಡಿಯಬೇಡಿ. ನಿಮ್ಮ ಬೀಳ್ಕೊಡುಗೆ ಸಮಾರಂಭದ ದಿನ ಈ ಗ್ರಂಥದೊಡನೆ ಆ ಡಬ್ಬಿಯನ್ನೂ ನಿಮ್ಮ ಕೈಗೆ ಕೊಡುತ್ತೇನೆ. ಮುಚ್ಚಳ ತೆಗೆದು ನೋಡಿ.

ನೀವು ಕೊಟ್ಟದ್ದು ಕೂಗಿತ್ತು.