ಉಣ್ಣಿ ಕಚ್ಚಿದ ಜಾಗ

ಊರಿಗೆ ಹೋಗುವ ದಾರಿಯಲ್ಲಿ ಸುರತ್ಕಲ್‌ನಲ್ಲೇ ಬಸ್ಸಿಳಿಯಬೇಕಾಯಿತು. ಎರಡು ವಾರದ ಹಿಂದೆ ಜರ್ಮನಿಯ ಕಾಡಿನಲ್ಲಿ ಸುತ್ತಾಡುವಾಗ ಉಣ್ಣಿ ಕಚ್ಚಿದ್ದ ಜಾಗದ ಸುತ್ತ, ನನ್ನ ಹೆಂಡತಿ ಸುಮಾಳ ತೊಡೆಯ ಮೇಲೆ ಅಂಗೈಯಗಲದ ಕೆಂಪು ಉಂಗುರ ಮೂಡಿತ್ತು. ಮೈ ಸುಡುತ್ತಿತ್ತು. ಅವಳು ಆರು ತಿಂಗಳ ಗರ್ಭಿಣಿ.

ಕ್ಲಿನಿಕ್ಕಿನ ಡಾಕ್ಟರಮ್ಮ ನೋಡಿದವರೇ, "ಇದು ಉಣ್ಣಿಯಿಂದ ಬರುವ ಲೈಮ್ ಕಾಯಿಲೆ. ಇವತ್ತೇ ಮಾತ್ರೆ ಶುರು ಮಾಡುವ" ಎಂದರು.

"ಮೊದಲು ರಕ್ತಪರೀಕ್ಷೆ ಬೇಡವೇ?" ಎಂದೆ.

"ಇಷ್ಟು ಬೇಗ ಮಾಡಿದರೆ ಎಂತದೂ ಕಾಣ್ಲಿಕ್ಕಿಲ್ಲ ಮಾರಾಯ್ರೆ. ಈ ಉಂಗುರವೇ ಸಾಕು. ಕಾದರೆ ನರಕ್ಕೆ, ಹೃದಯಕ್ಕೆ ಹೋಗುವ ಭಯ ಉಂಟು."

"ಮಗುವಿಗೆ?" ಸುಮಾ ಕೇಳಿದಳು.

"ಮಗುವಿಗೆ ತೊಂದರೆಯಾಗದ ಮಾತ್ರೆಯೇ ಕೊಡ್ತೇನೆ. ಬಿಡದೆ ತಗೊಳ್ಳಿ."

ಸುಮಾ ಅಲ್ಲೇ ಮೊದಲ ಮಾತ್ರೆ ನುಂಗಿದಳು. ಆಮೇಲೆ ಹೊರಗಿನ ಬೆಂಚಿನ ಮೇಲೆ ಹೊಟ್ಟೆಗೆ ಕೈಯಿಟ್ಟು ಕುಳಿತಳು. ಊರಿನ ಮುಂದಿನ ಬಸ್ಸು ಬಂದು ಹೋಯಿತು; ಇಬ್ಬರೂ ಏಳಲಿಲ್ಲ. ಕೊನೆಗೆ ಅವಳು ನನ್ನ ಕೈ ಎಳೆದು ಅಲ್ಲಿಟ್ಟುಕೊಂಡಳು. ಮಗು ಒದ್ದಿತು.