ಜಾಲಿಸಿದ ನೀರು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ಚೊಂಬಿದೆ. ಹುಣಿಸೆಹಣ್ಣು ಹಚ್ಚಿ ಅದನ್ನು ಉಜ್ಜುವ ಕೆಲಸವನ್ನು ಈಚೆಗೆ ನಾನೇ ವಹಿಸಿಕೊಂಡಿರುವುದನ್ನು ಕಂಡು ಅಕ್ಕಪಕ್ಕದವರಿಗೆ ನಗು. ಹೆಂಡತಿ ಮಾತ್ರ ನಗುವುದಿಲ್ಲ. ಕಾರಣವನ್ನು ನಿಮಗೆ ಹೇಳಿಬಿಡುತ್ತೇನೆ.

ಹಿಂದೂಪುರದಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಹಿತ್ತಿಲ ಹಿಂದೆಯೇ ಹಳ್ಳ. ಕನ್ನಡ ಆಡಿದರೂ ತೆಲುಗು ಆಡಿದರೂ ನಾವು ಅದನ್ನು ವಂಕ ಎಂದೇ ಕರೆಯುತ್ತೇವೆ. ಬಣ್ಣ ಕುಡಿದ ನೂಲಿನ ಲಡಿಯನ್ನು, ಹಿಂಡಿದರೆ ತಿಳಿನೀರು ಬರುವ ತನಕ ಜಾಲಿಸಬೇಕೆಂಬುದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ನಮ್ಮ ನೂಲು ಬಣ್ಣ ಬಿಡುವುದಿಲ್ಲವೆಂದು ನೇಕಾರರು ಹೊಗಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಲಡಿಯಿಂದ ಹೊರಟ ಬಣ್ಣ ಎಲ್ಲಿ ಹೋಯಿತೆಂದು ಕತ್ತು ತಿರುಗಿಸಿ ನೋಡುವಷ್ಟು ವ್ಯವಧಾನ ಮಾತ್ರ, ನೂಲನ್ನು ಅಷ್ಟು ತಾಳ್ಮೆಯಿಂದ ತೊಳೆಯುತ್ತಿದ್ದ ನನಗೆ ಇರಲಿಲ್ಲ.

ಎರಡು ಬೇಸಿಗೆಯ ಹಿಂದೆ ವಂಕದ ಹೂಳೆತ್ತುವ ಕೆಲಸ ಶುರುವಾಯಿತು. ಊರಿನ ಸಮಿತಿಯಲ್ಲಿ ನಾನೂ ಒಬ್ಬ. ಭಾಷಣ ಬಿಗಿದೆ, ಹಾರ ಹಾಕಿಸಿಕೊಂಡೆ. ಜೆಸಿಬಿ ಕೆಸರನ್ನು ಬಗೆದಾಗ ನೇರಳೆ, ಗಿಳಿಹಸಿರು, ಕುಂಕುಮಗೆಂಪು ಪದರಪದರವಾಗಿ ಮೇಲೆದ್ದವು. ಹೆತ್ತವನಿಗೆ ಮಕ್ಕಳ ಗುರುತು ಸಿಗದೆ ಇರುತ್ತದೆಯೇ? ನಾನು ಮುಖ ತಿರುಗಿಸಿ ಪಕ್ಕದವರೊಂದಿಗೆ ಮಳೆಯ ಮಾತು ತೆಗೆದೆ. ಆಮೇಲೆ, ಬಣ್ಣದ ನೀರನ್ನೆಲ್ಲ ಶುದ್ಧೀಕರಣದ ತೊಟ್ಟಿಗೆ ಬಿಡಬೇಕೆಂದು ಎಲ್ಲರಿಗೂ ತಾಕೀತಾಯಿತು. ನಾನೂ ಬಿಟ್ಟೆ, ಕೊನೆಯ ಸಲ ಜಾಲಿಸಿದ ನೀರೊಂದನ್ನು ಬಿಟ್ಟು. ಅದು ತಿಳಿನೀರೇ ತಾನೇ ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿ, ವಂಕಕ್ಕೆ ಹೋಗುವ ಹಳೆಯ ಪೈಪನ್ನು ಚಪ್ಪಡಿಯ ಕೆಳಗೆ ಹಾಗೆಯೇ ಉಳಿಸಿಕೊಂಡೆ.

ಸೊಸೆಯ ತವರು ಕಲ್ಯಾಣದುರ್ಗ. ಮೊಮ್ಮಗಳಿಗೆ ಮೂರು ತಿಂಗಳಾದಾಗ ಗಂಗೆಪೂಜೆ ಮಾಡಿಸಲು ಬೀಗಿತ್ತಿ ಬಂದರು. ಬಾಣಂತಿ ಗಂಗೆಗೆ ಅರಿಶಿನ ಕುಂಕುಮವಿಟ್ಟು, ಚೊಂಬು ತುಂಬಿದ ಮೇಲೆ ಅವಳ ತಾಯಿ ಕೂಸಿನ ತುಟಿಗೆ ಒಂದು ಹನಿ ಮುಟ್ಟಿಸುವುದು ನಮ್ಮ ಮನೆತನಗಳ ರೂಢಿ. ವರ್ಷಗಳಿಂದ ನಾವದನ್ನು ನಲ್ಲಿಯ ಮುಂದೆಯೇ ತೀರಿಸುತ್ತಿದ್ದೆವು. ವಂಕ ಚೊಕ್ಕಟವಾದ ಸುದ್ದಿ ಕೇಳಿದ್ದ ಬೀಗಿತ್ತಿ ಈ ಸಲ ಅಲ್ಲೇ ಆಗಲೆಂದರು. ನಾನು ಅದೊಂದು ದಿನ ಬಣ್ಣದ ಮನೆಗೆ ರಜೆ ಕೊಟ್ಟೆ. ಪೈಪಿನ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

"ನಮ್ ಕಲ್ಯಾಣದುರ್ಗದಾಗೆ ಇಂಗೆ ಹರಿಯೋ ನೀರು ಎಲ್ಲೈತೆ ಅಣ್ಣಯ್ಯ? ಪುಣ್ಯ ಮಾಡಿದ್ದೀರ," ಎಂದು ಅವರು ತುಂಬಿದ ಚೊಂಬಿಗೆ ಬೆರಳದ್ದಿ ಕೂಸಿನತ್ತ ಬಾಗಿದರು. ನನ್ನ ಕೈ ನನ್ನನ್ನು ಕೇಳದೆಯೇ ಅಡ್ಡ ಹೋಯಿತು.

"ಬ್ಯಾಡ ಕಣಮ್ಮ."

ಸೊಸೆಯ ಮುಂದೆ, ಹೆಂಡತಿಯ ಮುಂದೆ ಪೈಪಿನ ಸಂಗತಿಯನ್ನೆಲ್ಲ ಹೇಳಬೇಕಾಯಿತು. ನಾಚಿಕೆಯಿಂದ ಕುಗ್ಗಿಹೋದೆ. ಬೀಗಿತ್ತಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ನೀರನ್ನು ವಂಕಕ್ಕೇ ಚೆಲ್ಲಿ, ಬರಿದಾದ ಚೊಂಬನ್ನು ನನ್ನ ಕೈಗಿಟ್ಟರು.

"ಕೂಸಿಗೆ ಕುಡಿಸೋ ಅಂಗಾದ ದಿನ ಹೇಳ್ಕಳ್ಸಿ. ಬತ್ತೀನಿ."

ಪೈಪಿಗೆ ಅಂದೇ ಸಿಮೆಂಟು ಮೆತ್ತಿದೆ. ಈಗ ದಿನವೂ ಮುಂಜಾನೆ ಈ ಚೊಂಬಿನ ತುಂಬ ವಂಕದ ನೀರು ತಂದು, ತಳ ಕಾಣುತ್ತದೆಯೇ ಎಂದು ನೋಡುತ್ತೇನೆ. ಕಾಣುತ್ತದೆ. ಆದರೆ ತಿಳಿನೀರೆಂಬ ಮಾತನ್ನು ನನ್ನ ಬಾಯಿಂದ ನಾನೇ ನಂಬಲಾರೆ. ನೀರು ಚೆಲ್ಲಿ, ಉಜ್ಜಿ, ಮತ್ತೆ ಗೂಡಿನಲ್ಲಿಡುತ್ತೇನೆ. ಮೊಮ್ಮಗಳು ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಕಲ್ಯಾಣದುರ್ಗಕ್ಕೆ ನಾನಿನ್ನೂ ಹೇಳಿಕಳಿಸಿಲ್ಲ.