ಹೊರಗಿನಿಂದ ಹಾಕಿದ ಬೀಗ

ಹಿರಿಯೂರಿನಿಂದ ಬಂದ ಗಂಡ ಹೆಂಡತಿ ನನ್ನನ್ನು ಕೇಳಲು ಬಂದಿದ್ದು ಒಂದೇ ಮಾತು. ಕಠ್ಮಂಡುವಿನಲ್ಲಿ ನಮ್ಮ ಕಡೆಯವನೊಬ್ಬ ಗೆಸ್ಟ್ ಹೌಸ್ ನಡೆಸುತ್ತಾನಲ್ಲ, ಅಲ್ಲಿ ನಾನು ಮತ್ತು ನನ್ನ ಅಕ್ಕ ಹೋದ ವರ್ಷ ಉಳಿದಿದ್ದೆವಲ್ಲ, ಆ ಜಾಗ ನಂಬಬಹುದೇ ಎಂದು. ಗಂಡ ನಿವೃತ್ತ ಗುಮಾಸ್ತರು. ಪ್ರಯಾಣದ ಟಿಕೆಟ್ ಆಗಿತ್ತು, ರೂಮು ಗೊತ್ತು ಮಾಡುವುದೊಂದೇ ಬಾಕಿ. ಗೆಸ್ಟ್ ಹೌಸಿನವನ ನಂಬರನ್ನು ಹೊಳಲ್ಕೆರೆಯಲ್ಲಿ ಯಾರೋ ಕೊಟ್ಟಿದ್ದರು. ಅದಕ್ಕೇ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಚಿತ್ರದುರ್ಗದ ನನ್ನ ಮನೆಗೆ ಬಂದಿದ್ದರು.

"ನೀವು ಹೋಗಿ ಬಂದೋರು. ಹೂಂ ಅಂದ್ಬಿಟ್ರೆ ಸಾಕು ನೋಡ್ರಿ" ಅಂದರು.

ಅವರ ಹೆಂಡತಿ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದಿದ್ದನ್ನು ನಾನು ಗಮನಿಸಿದ್ದೆ. ಆ ಗೆಸ್ಟ್ ಹೌಸಿನಲ್ಲಿ ನಮ್ಮ ಕಡೆಯವರಿಗೆ ಕೊಡುವ ರೂಮು ಮೂರನೇ ಮಹಡಿಯಲ್ಲಿದೆ. ನಾನು ಹೂಂ ಅಂದರೆ ಈ ಹೆಂಗಸು ಅಲ್ಲಿನ ಸರಳಿನ ಕಿಟಕಿಯ ಹಿಂದೆ ಇರುತ್ತಾರೆ. ಕುಂತ್ಕಳ್ರಿ ಎಂದು ಹೇಳಿ ಟೀ ಇಡಲು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ನೋಡುತ್ತಾ ನಿಂತಿದ್ದೆ. ಈಗ ನನಗೆ ಹೀಗಾಗುತ್ತದೆ.

ಅಕ್ಕನನ್ನು ಕೊಟ್ಟಿದ್ದು ಮಾಡದಕೆರೆಗೆ. ತೋಟ, ಹೊಲ, ಹಟ್ಟಿ ತುಂಬ ಕುರಿ ನೋಡಿಕೊಂಡು ಐವತ್ತು ದಾಟಿದವಳು. ಅವಳಿಗೆ ಹಿಮ ನೋಡಬೇಕಿತ್ತು. ಹರಕೆ, ಯಾತ್ರೆ ಏನೂ ಅಲ್ಲ, ಬರೀ ಬೆಳ್ಳಗಿರುವ ಬೆಟ್ಟ. ನಾನು ಹೊಸದುರ್ಗದ ಕಾಲೇಜಿನಲ್ಲಿ ಪಾಠ ಮಾಡುವವಳು, ಮೊಬೈಲಿನಲ್ಲಿ ಎಲ್ಲ ಮಾಡಬಲ್ಲೆ ಎಂಬ ಹಮ್ಮು ಇತ್ತು. ವಾರಗಟ್ಟಲೆ ಕೂತು ಒಂದು ಲಾಡ್ಜು ಹುಡುಕಿದ್ದೆ. ಉಳಿದು ಬಂದವರು ಬರೆದದ್ದನ್ನೆಲ್ಲ ಓದಿದ್ದೆ. ನೀರು ಬಿಸಿಯಿರುವುದಿಲ್ಲ ಎಂದು ಒಬ್ಬಳು ಬೈದಿದ್ದಳು. ಮೆಟ್ಟಿಲು ಎರಡು ಕಡೆ ಇವೆ ಎಂದು ಇನ್ನೊಬ್ಬಳು ಬರೆದಿದ್ದಳು. ಅದನ್ನು ಯಾಕೆ ಬರೆದಳೋ ಎಂದುಕೊಂಡಿದ್ದೆ. ರೂಮು ಕಾದಿರಿಸಿಯೂ ಆಗಿತ್ತು.

ಅಷ್ಟರಲ್ಲಿ ಈ ಗೆಸ್ಟ್ ಹೌಸಿನವನ ನಂಬರು ಸಿಕ್ಕಿತು. ನಾನು ಮಾತಾಡುತ್ತಿದ್ದಾಗ ಅಕ್ಕ ಫೋನು ಕಸಿದುಕೊಂಡು, "ನೀವು ಯಾರ ಪೈಕಿ?" ಎಂದು ಕೇಳಿದಳು. ರೂಮು ಎಷ್ಟು ದೊಡ್ಡದು, ಬಚ್ಚಲು ಎಲ್ಲಿ ಎಂದು ಅವಳು ಕೇಳಲಿಲ್ಲ. ಆತ ರಾಮಗಿರಿಯ ಹತ್ತಿರದವನು. ಅವನ ಸೋದರತ್ತೆಯನ್ನು ಮಾಡದಕೆರೆಗೇ ಕೊಟ್ಟಿದ್ದರು, ಅದೂ ಅಕ್ಕನ ಮನೆಯಿಂದ ನಾಲ್ಕನೇ ಮನೆಗೆ. ಎರಡು ನಿಮಿಷದಲ್ಲಿ ಅವಳು ಅಣ್ಣಾ ಅನ್ನುತ್ತಿದ್ದಳು, ಆತ ತಂಗಿ ಅನ್ನುತ್ತಿದ್ದ. "ನಮ್ಮೋರೇ ಕಣೆ, ಇನ್ನೇನು ನೋಡಾದು" ಎಂದು ಫೋನು ನನ್ನ ಕೈಗೆ ಕೊಟ್ಟಳು. ನಾನು ಕಾದಿರಿಸಿದ್ದನ್ನು ರದ್ದು ಮಾಡಿದೆ. ಇದನ್ನು ಅಕ್ಕನ ತಲೆಗೆ ಕಟ್ಟಲಾರೆ. ನನಗೂ ಹಾಗೇ ಅನ್ನಿಸಿತ್ತು. ಮನುಷ್ಯ ಗೊತ್ತಾದ ಮೇಲೆ ಮನೆ ನೋಡುವುದೇನಿದೆ.

ಮನುಷ್ಯ ಒಳ್ಳೆಯವನೇ. ಬಸ್ ಸ್ಟ್ಯಾಂಡಿಗೆ ತಾನೇ ಬಂದು ನಮ್ಮ ಚೀಲ ಹೊತ್ತ. ಮಧ್ಯಾಹ್ನಕ್ಕೆ ಮುದ್ದೆ ಮಾಡಿಸಿದ್ದ. ಅಲ್ಲಿ ರಾಗಿ ಹಿಟ್ಟು ಎಲ್ಲಿಂದ ತಂದನೋ. ಮನೆ ಮಾತ್ರ ಇಕ್ಕಟ್ಟಾದ ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಹಾಸಿಗೆ, ದಿಂಬು ಮಾರುವ ಅಂಗಡಿ. ಅದರ ಪಕ್ಕದಲ್ಲಿ ಒಬ್ಬರು ಹತ್ತುವಷ್ಟು ಅಗಲದ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ಎಳೆದು ಮುಚ್ಚುವ ಕಬ್ಬಿಣದ ಗೇಟು. ರೂಮಿನ ಕಿಟಕಿಗೆ ಗಟ್ಟಿ ಸರಳು ಇದ್ದವು. ಕಳ್ಳಕಾಕರ ಭಯವಿಲ್ಲ ಎಂದು ನಾನೇ ಅಕ್ಕನಿಗೆ ತೋರಿಸಿ ಸಮಾಧಾನ ಪಟ್ಟಿದ್ದೆ.

ಮೂರನೇ ದಿನ ಅಕ್ಕನ ಕಾಲು ಊದಿಕೊಂಡಿತು. ಹಿಮದ ಬೆಟ್ಟವನ್ನು ಹಿಂದಿನ ದಿನವೇ ನೋಡಿ ಆಗಿತ್ತು, ಇವತ್ತು ಮಲಗುತ್ತೇನೆ ಅಂದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಮಾತ್ರೆ ತರಲು ಹೊರಟೆ. ಕೆಳಗೆ ಆತ ಗೇಟಿನ ಹತ್ತಿರ ನಿಂತಿದ್ದ. "ಅಕ್ಕ ಒಬ್ಬಳೇ ಮಲಗ್ಯಾಳೆ ಅಣ್ಣ, ಸ್ವಲ್ಪ ನೋಡ್ಕಳ್ರಿ" ಅಂದೆ. ಇದು ನಾನು ಆಡಿದ ಮಾತು. ದಿನಕ್ಕೆ ಎಷ್ಟು ಸಲ ಇದು ನನ್ನ ಕಿವಿಗೆ ಬೀಳುತ್ತದೆ ಎಂದು ಲೆಕ್ಕ ಇಟ್ಟಿಲ್ಲ.

ನಮ್ಮ ಕಡೆ ಹಳ್ಳಿಯಲ್ಲಿ ಮಧ್ಯಾಹ್ನ ಯಾರಾದರೂ ಒಳಗೆ ಮಲಗಿದ್ದರೆ, ಹೊರಗೆ ಹೋಗುವವರು ಬಾಗಿಲೆಳೆದು ಹೊರಗಿನ ಚಿಲಕ ಹಾಕಿಕೊಂಡು ಹೋಗುತ್ತಾರೆ. ನಾಯಿ ನುಗ್ಗಬಾರದು, ಕರು ನುಗ್ಗಬಾರದು, ಮಲಗಿದವರು ಎದ್ದು ಬಾಗಿಲು ಹಾಕುವ ಕಷ್ಟ ಬೇಡ. ಅಮ್ಮನಿಗೆ ಜ್ವರ ಬಂದಾಗ ನಾನೂ ಎಷ್ಟೋ ಸಲ ಹಾಗೆ ಮಾಡಿ ಶಾಲೆಗೆ ಹೋಗಿದ್ದೇನೆ. ಅದು ನಮ್ಮ ಅಕ್ಕರೆಯ ರೀತಿ. ಆತನಿಗೆ ಬೇರೊಂದು ತಂಡವನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ತಂಗಿ ಒಬ್ಬಳೇ ಇದ್ದಾಳೆ, ನೋಡಿಕೊಳ್ಳಲು ಹೇಳಿದ್ದಾರೆ. ಗೇಟೆಳೆದು ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು ಹೋದ.

ನಾನು ಔಷಧಿ ಅಂಗಡಿಯಿಂದ ತಿರುಗಿ ಬರುವಾಗ ಬೀದಿಯಲ್ಲಿ ಜನ ಮೇಲೆ ನೋಡುತ್ತಾ ನಿಂತಿದ್ದರು. ಹಾಸಿಗೆ ಅಂಗಡಿಯಿಂದ ಹೊಗೆ ಬರುತ್ತಿತ್ತು. ಕರೀ ಹೊಗೆ, ಸ್ಪಂಜು ಸುಟ್ಟ ವಾಸನೆ. ಅಂಗಡಿಯವರು ಹೊರಗೆ ನಿಂತು ಬಕೆಟ್‌ನಿಂದ ನೀರು ಎರಚುತ್ತಿದ್ದರು. ಮೆಟ್ಟಿಲಿನ ಸಂದಿಯೊಳಗೂ ಹೊಗೆ ಹೋಗುತ್ತಿತ್ತು. ನಾನು ಗೇಟಿನ ಹತ್ತಿರ ಓಡಿದೆ. ಆಗ ಬೀಗ ನೋಡಿದೆ.

ಅಕ್ಕ ಮೂರನೇ ಮಹಡಿಯ ಕಿಟಕಿಯಲ್ಲಿದ್ದಳು. ಸೆರಗನ್ನು ಮೂಗಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸರಳು ಹಿಡಿದಿದ್ದಳು. ಅವಳು ಕಿರುಚಲಿಲ್ಲ. ಕೆಳಗೆ ನನ್ನನ್ನು ಕಂಡ ಕೂಡಲೇ ಅವಳು ಹೇಳಿದ್ದು ಇಷ್ಟು:

"ನೀ ಮ್ಯಾಲೆ ಬರಬ್ಯಾಡ ಕಣೆ. ನಾನೇ ಇಳಿದು ಬತ್ತೀನಿ."

ಬೀಗ ಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಸರಿದಳು. ಆ ಕಿಟಕಿ ಖಾಲಿಯಾಗಿದ್ದ ಹೊತ್ತು ಎಷ್ಟಿತ್ತೋ ನನಗೆ ಈಗಲೂ ತಿಳಿಯದು. ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಯಾವುದೋ ಒಂದು ನಂಬರಿಗೆ ಉತ್ತರ ಬರದಿದ್ದರೆ ಆ ಕಿಟಕಿ ಬಂದು ನಿಲ್ಲುತ್ತದೆ.

ಆತನಿಗೆ ಫೋನು ಮಾಡಿದೆ. ವಾಹನಗಳ ಗದ್ದಲದ ನಡುವೆ ಆತ, ಹೆದರಬ್ಯಾಡ್ರಿ, ಕೀಲಿ ನನ್ನತ್ರನೇ ಐತೆ, ಹತ್ತು ನಿಮಿಷ ಬಂದೆ ಅಂದ. ಅವನು ಧೈರ್ಯ ಹೇಳುತ್ತಿದ್ದ. ನಾನು ಸರಳಿಗೆ ಕೈ ಹಾಕಿ ಗೇಟು ಅಲ್ಲಾಡಿಸುತ್ತಿದ್ದೆ. ಎದುರು ಕಟ್ಟಡ ಕಟ್ಟುತ್ತಿದ್ದ ಕೂಲಿಯವರಿಬ್ಬರು ನನ್ನನ್ನು ಪಕ್ಕಕ್ಕೆ ತಳ್ಳಿ, ಹಾರೆ ತಂದು ಬೀಗದ ಕೊಂಡಿಗೆ ಹಾಕಿ ಮೀಟಿದರು. ಅವರಿಗೆ ನಾನು ಯಾರ ಪೈಕಿಯೂ ಅಲ್ಲ. ನಾಲ್ಕನೇ ಸಲಕ್ಕೆ ಕೊಂಡಿ ಬಿಟ್ಟಿತು. ಒಬ್ಬ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಒಳಗೆ ಹೋಗಿ, ಮೊದಲನೇ ಮಹಡಿಯ ತಿರುವಿನಲ್ಲಿ ಕುಸಿದು ಕೂತಿದ್ದ ಅಕ್ಕನನ್ನು ಹೊತ್ತು ತಂದ. ಬೀದಿಯಲ್ಲಿ ಅವಳು ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಚಪ್ಪಲಿ ಮೇಲೇ ಉಳಿಯಿತು ಅಂದಳು.

ಆತ ಬಂದಾಗ ಬೆಂಕಿ ಆರಿತ್ತು. ರಸ್ತೆಯಲ್ಲೇ ಕೂತು ಅತ್ತ. ಅಕ್ಕ ಅವನ ಬೆನ್ನು ಸವರಿ, ಅಳಬ್ಯಾಡ್ರಿ ಅಣ್ಣ, ನಿಮ್ದೇನು ತಪ್ಪೈತೆ ಅಂದಳು.

ಊರಿಗೆ ಬಂದ ಮೇಲೆ ಒಂದು ಸಂಜೆ ಮೊಬೈಲಿನಲ್ಲಿ ಆ ಗೆಸ್ಟ್ ಹೌಸಿನ ಬಗ್ಗೆ ನಾಲ್ಕು ಸಾಲು ಬರೆದೆ. ಎಲ್ಲರೂ ಓದುವಂತೆ ಹಾಕುವ ಮೊದಲೇ, ಮಾಡದಕೆರೆಯ ಸೋದರತ್ತೆಯಿಂದ ಸುದ್ದಿ ತಿಳಿದು, ಆತನ ಅಣ್ಣ ಹೊಳಲ್ಕೆರೆಯಿಂದ ಹಣ್ಣು ಹಿಡಿದುಕೊಂಡು ಬಂದರು. ಎದುರು ಕೂತು, ನನ್ನ ತಮ್ಮ ದೂರದ ದೇಶದಲ್ಲಿ ಕಷ್ಟಪಟ್ಟು ನಿಂತಿದ್ದಾನೆ, ನಮ್ಮವರೇ ನಮ್ಮವರ ಹೆಸರು ಕೆಡಿಸಿದರೆ ಹೇಗೆ ಎಂದು ಮೆತ್ತಗೆ ಕೇಳಿದರು. ಆಯ್ತು ಅಂದೆ. ದಣಿದಿದ್ದೆ. ಬರೆದದ್ದು ಮೊಬೈಲಿನಲ್ಲೇ ಉಳಿಯಿತು.

ಟೀ ಕೊಟ್ಟು, ಇದಿಷ್ಟನ್ನೂ ಹಿರಿಯೂರಿನವರಿಗೆ ಹೇಳಿದೆ. ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡು ಸವೆದ ಕಥೆ, ಆದರೆ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಗುಮಾಸ್ತರು ಲೋಟ ಕೆಳಗಿಟ್ಟು, ಬೆಂಕಿ ಎಲ್ಲಿ ಬೇಕಾದರೂ ಬೀಳುತ್ತದೆ, ಅದಕ್ಕೆ ಆತನೇನು ಮಾಡಿಯಾನು, ಗುರುತಿಲ್ಲದವರ ಲಾಡ್ಜಿಗಿಂತ ಇದು ವಾಸಿಯಲ್ಲವೇ ಅಂದರು. ಒಂದು ಸಲ ಆದ ಮೇಲೆ ಹುಷಾರಾಗಿರುತ್ತಾನೆ ಎಂದೂ ಸೇರಿಸಿದರು. ಹುಷಾರಾಗಿದ್ದಾನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಒಂದು ಕೆಲಸ ಮಾಡಿ, ಈಗಲೇ ಫೋನು ಮಾಡಿ ಮೆಟ್ಟಿಲ ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ ಅಂದೆ.

ಅವರು ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಮೊದಲು ಊರು, ಮಳೆ, ಯಾರ ಪೈಕಿ ಎಲ್ಲ ಆಯಿತು. ಅದೇ ದನಿ, ಅದೇ ಪ್ರೀತಿ. ಆಮೇಲೆ ಕೀಲಿಯ ಮಾತು ಕೇಳಿದರು.

"ಅದರ ಚಿಂತೆ ನಿಮಗ್ಯಾಕೆ ಸಾರ್. ನೀವು ಮಲಕ್ಕಳ್ರಿ, ನಾನೇ ಹೊರಗಿಂದ ಹಾಕ್ಕಂಡು ಹೋಗ್ತೀನಿ. ಕೀಲಿ ಯಾವಾಗ್ಲೂ ನನ್ನ ಜೇಬಿನಾಗೇ ಇರ್ತೈತೆ. ನಿಮ್ಮನ್ಯಾಗೆ ಇದ್ದಂಗೆ ಇರ್ರಿ."

ಗುಮಾಸ್ತರು ಆಗಲಿ ಎಂದು ಫೋನು ಇಟ್ಟರು. ಹೆಂಡತಿ ಗಂಡನ ಕಡೆ ನೋಡದೆ ಹೇಳಿದರು.

"ನಮ್ಮನ್ಯಾಗೆ ಹಿತ್ಲು ಬಾಗಿಲು ಐತೆ."

ಆಮೇಲೆ ನನ್ನನ್ನು ಒಂದೊಂದಾಗಿ ಕೇಳತೊಡಗಿದರು. ಅವರ ಮೊಬೈಲಿನಲ್ಲಿ ಬೇರೆ ಲಾಡ್ಜುಗಳನ್ನು ತೆಗೆದು ನೋಡಿದೆವು. ನಿಮ್ಮ ಕಾಲಿಗೆ ಕೆಳಗಿನ ಮಹಡಿಯೇ ಬೇಕು, ಅದನ್ನು ಮೊದಲೇ ಬರೆದು ಕೇಳಿಕೊಳ್ಳಿ ಅಂದೆ. ಇಳಿಯಲು ಎರಡನೇ ದಾರಿ ಇದೆಯೇ, ಗೇಟಿನ ಕೀಲಿ ನಿಮ್ಮ ಕೈಗೂ ಒಂದು ಕೊಡುತ್ತಾರೆಯೇ ಕೇಳಿ. ಕಟ್ಟಡದ ಬುಡದಲ್ಲಿ ಯಾವ ಅಂಗಡಿ ಇದೆ ಎಂದು ಫೋಟೋದಲ್ಲಿ ದೊಡ್ಡದು ಮಾಡಿ ನೋಡಿ. ಹೊಗಳಿದವರನ್ನು ಬಿಟ್ಟು ಬೈದವರು ಬರೆದದ್ದನ್ನು ಮೊದಲು ಓದಿ. ಇಳಿದುಕೊಂಡ ವಿಳಾಸವನ್ನು ಊರಿನಲ್ಲಿರುವ ಯಾರಿಗಾದರೂ ಕಳಿಸಿ, ಅಲ್ಲಿನ ನಮ್ಮ ರಾಯಭಾರ ಕಚೇರಿಯ ನಂಬರನ್ನು ಕಾಗದದ ಮೇಲೆ ಬರೆದು ರವಿಕೆಯೊಳಗೆ ಇಟ್ಟುಕೊಳ್ಳಿ ಅಂದೆ. ಆಕೆ ಎಲ್ಲವನ್ನೂ ಮದುವೆ ಕಾರ್ಡಿನ ಲಕೋಟೆಯ ಹಿಂದೆ ಬರೆದುಕೊಂಡರು. ಗುಮಾಸ್ತರು ಬಸ್ಸಿಗೆ ಹೊತ್ತಾಯಿತು, ಹೋಗಾಣ ನಡಿ ಅನ್ನುತ್ತಿದ್ದರು. ಹೊರಡುವಾಗ ರೂಢಿಯಿಂದ ನನ್ನ ಮನೆಯ ಬಾಗಿಲನ್ನು ಎಳೆದುಕೊಳ್ಳಲು ಹೋದರು. ಹೆಂಡತಿ ಅವರ ಕೈ ಹಿಡಿದರು.

ಅವರು ಹೋದ ಮೇಲೆ ಅಕ್ಕನಿಗೆ ಫೋನು ಮಾಡಿದೆ. ಮಾಡದಕೆರೆಯಲ್ಲಿ ಅವಳೀಗ ಮಧ್ಯಾಹ್ನ ಬಾಗಿಲಿಗೆ ಗುಂಡುಕಲ್ಲು ಒತ್ತಾಗಿಟ್ಟು, ತೆರೆದುಕೊಂಡೇ ಮಲಗುತ್ತಾಳೆ. ಕೋಳಿ ಒಳಗೆ ಬಂದರೆ ಬರಲಿ ಅನ್ನುತ್ತಾಳೆ. ಅಂದು ಬರೆದಿಟ್ಟಿದ್ದನ್ನು ಇವತ್ತು ಹಾಕುತ್ತೇನೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಕೆಮ್ಮಿದಳು. ಆ ಕೆಮ್ಮು ಇನ್ನೂ ಹೋಗಿಲ್ಲ.

"ಹಾಕು. ಮನುಷ್ಯ ಒಳ್ಳೇನು ಅಂತಾನೂ ಬರಿ. ಅದೂ ಸುಳ್ಳಲ್ಲ."

ಬರೆದೆ. ಊಟ ಚೆನ್ನಾಗಿರುತ್ತದೆ, ನಡೆಸುವವರು ಒಳ್ಳೆಯವರು. ಮೆಟ್ಟಿಲು ಒಂದೇ. ಕೆಳಗೆ ಹಾಸಿಗೆ ಅಂಗಡಿ ಇದೆ. ನೀವು ಒಳಗಿರುವಾಗ ಹೊರಗಿನಿಂದ ಬೀಗ ಹಾಕುತ್ತಾರೆ, ಕೀಲಿ ಅವರ ಜೇಬಿನಲ್ಲಿರುತ್ತದೆ.

ಹೊಳಲ್ಕೆರೆಯಿಂದ ಫೋನು ಬರುತ್ತದೆ ಎಂದು ಗೊತ್ತಿತ್ತು. ಹಾಕಿದೆ. ಒಲೆಯ ಮೇಲೆ ಒಣಗಿದ ಹಾಲನ್ನು ಕೆರೆದು ತೆಗೆಯಲು ಎದ್ದೆ.